ಹೊಸ ಹಾವಿಗೆ ಹೆಸರಿಡಬೇಕೇ? ಮೊದಲು ಹುರುಪೆ ಎಣಿಸಿ

ಮಳೆ ಶುರುವಾದರೆ ಸಾಕು, ‘ಹೊಸ ಜಾತಿ ಹಾವು ಸಾರ್’ ಎಂದು ನನ್ನ ಮೊಬೈಲಿಗೆ ಫೋಟೊ ಬರುತ್ತವೆ. ಜಾಸ್ತಿ ಪಾಲು ಕೇರೆ ಮರಿಗಳೇ. ಹಾಗಂತ ಪಶ್ಚಿಮ ಘಟ್ಟದಲ್ಲಿ ಹೊಸದು ಸಿಗೋದೇ ಇಲ್ಲ ಅಂತಲ್ಲ. ಬಹುಕಾಲ ಒಂದೇ ಜಾತಿ ಎನಿಸಿಕೊಂಡಿದ್ದ ಕಾಳಿಂಗ 2024ರಲ್ಲಿ ನಾಲ್ಕಾಯಿತು. ನಮ್ಮ ಘಟ್ಟದ್ದಕ್ಕೆ ‘ಓಫಿಯೊಫೇಗಸ್ ಕಾಳಿಂಗ’ ಎಂದು ಕನ್ನಡದ ಹೆಸರೇ ಸಿಕ್ಕಿತು.

ಮೊದಲು ಅನುಮತಿ. ಮುಖ್ಯ ವನ್ಯಜೀವಿ ವಾರ್ಡನ್ ಸಹಿ ಇಲ್ಲದೆ ಹಾವು ಹಿಡಿಯಬೇಡಿ, ಕೇಸು ಬೀಳುತ್ತದೆ.

ಜೀವಂತ ಇರುವಾಗಲೇ ಫೋಟೊ ತೆಗೆಯಿರಿ. ಆಲ್ಕೋಹಾಲಿಗೆ ಬಿದ್ದ ಹಸಿರು ಹಾವು ನೀಲಿಯಾಗಿಬಿಡುತ್ತದೆ. ಡಿಎನ್‌ಎಗೆ ಬೇಕಾದ ಮಾಂಸದ ಚೂರನ್ನು, ಮಾದರಿ ಕೆಡದಂತೆ ಇಡುವ ಫಾರ್ಮಾಲಿನ್ ಸೋಕುವ ಮೊದಲೇ ಎತ್ತಿಡಿ.

ಈಗ ಎಣಿಕೆ. ಎಲ್ಲರೂ ಎಡವುವುದು ಇಲ್ಲೇ. ಹೊಟ್ಟೆಯಡಿ ಅಡ್ಡಪಟ್ಟಿಯಂಥ ಅಗಲ ಹುರುಪೆಗಳಿವೆ ಅಲ್ವಾ, ಅವನ್ನು ಗದ್ದದಿಂದ ಎಣಿಸಬೇಡಿ. ಬೆನ್ನಿನ ಹುರುಪೆಗಳ ತೀರಾ ಕೆಳಗಿನ ಸಾಲು ಎಡಬಲ ಎರಡೂ ಕಡೆ ಮೊದಲು ತಾಗುವ ಪಟ್ಟಿಯೇ ಒಂದನೆಯದು. 1951ರಲ್ಲಿ ಹಾವುತಜ್ಞ ಡೌಲಿಂಗ್ ಹಾಕಿಕೊಟ್ಟ ಲೆಕ್ಕ ಇದು. ಗುದದ ಮುಚ್ಚಳ ಸೇರಿಸಬೇಡಿ. ಅದು ಇಡಿಯೋ, ಸೀಳೋ ಎಂದು ಬೇರೆ ಬರೆದುಕೊಳ್ಳಿ. ಕೇರೆಗೆ ಇನ್ನೂರರ ಆಸುಪಾಸು ಪಟ್ಟಿ. ನಡುವೆ ಯಾರಾದರೂ ‘ಟೀ ಬೇಕಾ’ ಅಂದರೆ ಮತ್ತೆ ಒಂದರಿಂದ! ಹತ್ತಕ್ಕೊಂದು ಗುಂಡುಸೂಜಿ ಇಡಿ. ಬೆನ್ನಿನ ಸಾಲುಗಳನ್ನು ಮೂರು ಕಡೆ ಎಣಿಸಿ: ಕುತ್ತಿಗೆಯಲ್ಲಿ ಒಂದು ತಲೆಯಷ್ಟು ಹಿಂದೆ, ನಟ್ಟನಡುವೆ, ಗುದಕ್ಕೆ ಒಂದು ತಲೆಯಷ್ಟು ಮೊದಲು. ಕೇರೆಗೆ ನಡುವಲ್ಲಿ 17. ಬಾಲದಡಿ ಹುರುಪೆಗಳು ಜೋಡಿಯಾಗಿದ್ದರೆ ಒಂದೇ ಬದಿ ಎಣಿಸಿದರೆ ಸಾಕು, ತುದಿಯ ಮುಳ್ಳು ಲೆಕ್ಕಕ್ಕಿಲ್ಲ. ಬಾಲ ಮೊಂಡಾಗಿದ್ದರೆ ‘ಮೊಂಡು’ ಎಂದೇ ಬರೆಯಿರಿ, ಅಂದಾಜು ಬೇಡ. ಗಂಡು ಹೆಣ್ಣಿನ ಲೆಕ್ಕ ಬೇರೆ ಬೇರೆ ಇರುತ್ತದೆ, ಒಂದನ್ನು ಇನ್ನೊಂದರ ಜೊತೆ ತೂಗಿ ಹೊಸ ಜಾತಿ ಅನ್ನಬೇಡಿ.

ಪ್ಲಾಸ್ಟಿಕ್ ಭೂತಗನ್ನಡಿ ಸುಮ್ನೆ ದಂಡ. ಅಕ್ಕಸಾಲಿಗರು ಕಣ್ಣಿಗಿಡುವ ಲೆನ್ಸ್ ತೆಗೆದುಕೊಳ್ಳಿ. ಫೋಟೊ ನೋಡಿ ಜಾತಿ ಹೇಳುವ ಆ್ಯಪನ್ನಂತೂ ನಾನು ನಂಬುವುದಿಲ್ಲ. ಕೈ ಪಳಗಲು ಸೌದೆ ರಾಶಿಯಲ್ಲಿ ಕಂಡ ಪೊರೆ ಸಾಕು. ಪೊರೆ ಹಿಗ್ಗಿರುತ್ತದೆ, ಉದ್ದ ಅಳೆಯಬೇಡಿ. ಹುರುಪೆ ಲೆಕ್ಕ ಮಾತ್ರ ಬದಲಾಗದು.

ಆಮೇಲೆ ಮ್ಯೂಸಿಯಮ್ಮಿನ ಹಳೆಯ ಮಾದರಿಗಳ ಜೊತೆ ಹೋಲಿಸಿ. ಯಾರೋ ಹಿಂದೆಯೇ ಇಟ್ಟ ಹೆಸರು ಹೊಂದಿದರೆ ನಿಮ್ಮದು ನಡೆಯದು. 2020ರಲ್ಲಿ ಘಟ್ಟದ ಹಸಿರು ಹಾವುಗಳನ್ನು ಬಿಡಿಸಿ ನೋಡಿದಾಗ ಮೂಲೆಗೆ ಬಿದ್ದಿದ್ದ ‘ಇಸಬೆಲ್ಲಿನ’ ಎಂಬ ಹಳೆಯ ಹೆಸರು ಹೀಗೇ ಎದ್ದು ಬಂತು.

ಸ್ವಂತ ಹೆಸರು ಇಡಬೇಡಿ. ನಿಯಮದಲ್ಲಿ ತಡೆಯಿಲ್ಲ, ಆದರೆ ಜನ ನಗುತ್ತಾರೆ. ಮಾದರಿಯನ್ನು ಮ್ಯೂಸಿಯಮ್ಮಿಗೆ ಒಪ್ಪಿಸಿ. ಲೇಖನ ಬರೀ ಆನ್‌ಲೈನಿನಲ್ಲಿ ಬರುವುದಾದರೆ ಮೊದಲು ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್ ಜಾಲತಾಣದಲ್ಲಿ ನೋಂದಾಯಿಸಿ, ಆ ನಂಬರು ಲೇಖನದಲ್ಲಿ ಅಚ್ಚಾಗಿದೆಯೇ ನೋಡಿಕೊಳ್ಳಿ.