ನಾಲ್ಕೈದು ಜನರ ಟೀಮ್‌ಗೆ ಸ್ವಂತ ಗಿಟ್ ಸರ್ವರ್, ಯಾವುದು ಹಾಕ್ಕೋಬೇಕು?

ಟೀಮಿನ ಕೋಡು, ಅದರ ಬದಲಾವಣೆಗಳು ಎಲ್ಲ ಒಂದೇ ಕಡೆ ಇಟ್ಟು ಹಂಚ್ಕೊಳ್ಳೋ ಮಷೀನೇ ಗಿಟ್ ಸರ್ವರ್. ಹಾಸನ ಚಿಕ್ಕಮಗಳೂರು ಕಡೆ ಆಫೀಸಲ್ಲೇ ಕೋಡ್ ಇಟ್ಕೋಬೇಕು ಅಂತಿದ್ರೆ ಫೀಚರ್ ಲಿಸ್ಟ್ ಆಮೇಲೆ ನೋಡಿ, ಮೊದ್ಲು ಮಳೆಗಾಲ ನೆನಪಿಸ್ಕೊಳ್ಳಿ. ಕರೆಂಟ್ ಹೋಗಿ ಡಿಸ್ಕ್ ಕೆಟ್ರೆ ಸರ್ವರನ್ನ ಮತ್ತೆ ಎಬ್ಬಿಸೋದು ಯಾರು, ಎಷ್ಟೊತ್ತಲ್ಲಿ? ನಾನು ಸಾಫ್ಟ್‌ವೇರ್ ಆರಿಸೋದು ಇದರ ಮೇಲೇ.

ಇಬ್ರೇ ಇದ್ದು ಬರೀ ಪುಶ್ ಪುಲ್, ಅಂದ್ರೆ ಕೋಡ್ ಕಳ್ಸೋದು ತರ್ಸ್ಕೊಳ್ಳೋದು, ಸಾಕು ಅಂದ್ರೆ ಲಿನಕ್ಸ್ ಮಷೀನಲ್ಲಿ ಒಂದು ಬೇರ್ ರೆಪೊ ಅಂದ್ರೆ ಕೋಡಿನ ಇತಿಹಾಸ ಮಾತ್ರ ಇರೋ ಫೋಲ್ಡರ್, ಲಾಗಿನ್‌ಗೆ ಎಸ್‌ಎಸ್‌ಎಚ್ ಕೀ, ಮುಗೀತು, ಬೇರೇನೂ ಇನ್‌ಸ್ಟಾಲ್ ಮಾಡ್ಬೇಡಿ. ಗಿಟ್‌ಲ್ಯಾಬ್ ಒಳ್ಳೇದೇ, ಆದ್ರೆ ಅದರ ಜೊತೆ ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಅಂತ ಹಿನ್ನೆಲೇಲಿ ಓಡೋ ಪ್ರೋಗ್ರಾಮ್‌ಗಳ ಒಂದು ದಂಡೇ ಬರುತ್ತೆ, 4 ಜಿಬಿ ರ‍್ಯಾಮ್ ಇರೋ ಹಳೇ ಡೆಸ್ಕ್‌ಟಾಪ್ ಅದಕ್ಕೇ ಸುಸ್ತಾಗುತ್ತೆ.

ಉಳಿದಿದ್ದು ಬ್ರೌಸರಲ್ಲಿ ಬಳಸೋ ಮೂರು ಹಗುರ ಗಿಟ್ ಸರ್ವರ್‌ಗಳು, ಗಾಗ್ಸ್, ಅದ್ರಿಂದ 2016ರಲ್ಲಿ ಕವಲೊಡೆದ ಗಿಟಿಯಾ, ಗಿಟಿಯಾದಿಂದ 2022ರಲ್ಲಿ ಬೇರೆಯಾದ ಫೋರ್ಜೆಯೋ. ಮೂರೂ ಗೋ ಭಾಷೇಲಿ ಬರೆದಿದ್ದು, ಒಂದೇ ಬೈನರಿ ಅಂದ್ರೆ ಓಡಿಸೋಕೆ ಒಂದೇ ಫೈಲು, ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಜೊತೆಗೂ ಓಡುತ್ತೆ, ಚಿಕ್ಕ ಟೀಮ್‌ಗೆ 1 ಜಿಬಿ ರ‍್ಯಾಮ್ ಸಾಕು. ನನ್ನ ಆಯ್ಕೆ ಫೋರ್ಜೆಯೋ, ಯಾಕಂದ್ರೆ ಅದರ ಹಿಂದೆ ಇರೋದು ಬರ್ಲಿನ್‌ನ ಕೋಡ್‌ಬರ್ಗ್ ಅನ್ನೋ ಲಾಭಕ್ಕಲ್ಲದ ಸಂಘ, ಕಂಪನಿ ಅಲ್ಲ. ಈಗಾಗ್ಲೇ ಗಿಟಿಯಾ ಇದ್ರೆ ಒಂದು ವಿಷಯ ಗೊತ್ತಿರ್ಲಿ, 1.22 ವರೆಗಿನ ಡೇಟಾ ಫೋರ್ಜೆಯೋ 10ಕ್ಕೆ ನೇರ ಅಪ್‌ಗ್ರೇಡ್ ಆಗುತ್ತೆ, 1.23ಕ್ಕೆ ಹೋದ್ಮೇಲೆ ಆ ದಾರಿ ಇಲ್ಲ.

ಹಾಕಿದ ತಕ್ಷಣ ಆ್ಯಪ್ ಡಾಟ್ ಐಎನ್‌ಐ ಅನ್ನೋ ಸೆಟ್ಟಿಂಗ್ಸ್ ಫೈಲಲ್ಲಿ ಹೊಸಬರ ರಿಜಿಸ್ಟ್ರೇಶನ್ ಆಫ್ ಮಾಡಿ. ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಆದ್ರೆ ಎಸ್‌ಡಿ ಕಾರ್ಡ್ ನಂಬ್ಬೇಡಿ, ಎಸ್‌ಎಸ್‌ಡಿ ಹಾಕಿ, ಯುಪಿಎಸ್ ಕೂಡ ಇರ್ಲೇಬೇಕು. ಮನೆ ಫೈಬರ್ ಕನೆಕ್ಷನಲ್ಲಿ ಪಬ್ಲಿಕ್ ಐಪಿ, ಅಂದ್ರೆ ಹೊರಗಿಂದ ನೇರ ತಲುಪೋ ವಿಳಾಸ, ಸಾಮಾನ್ಯವಾಗಿ ಸಿಗಲ್ಲ, ಅದಕ್ಕೆ ಪೋರ್ಟ್ ಫಾರ್ವರ್ಡ್ ಅಂತ ಒದ್ದಾಡೋ ಬದ್ಲು ನಿಮ್ಮ ಮಷೀನ್‌ಗಳನ್ನಷ್ಟೇ ಖಾಸಗಿಯಾಗಿ ಜೋಡಿಸೋ ಟೇಲ್‌ಸ್ಕೇಲ್ ಹಾಕಿ, ಮೂಡಿಗೆರೆ ತೋಟದ ಮನೇಲಿ ಕೂತವರಿಗೂ ಫೋರ್ಜೆಯೋ ಕೂತಿರೋ 3000ನೇ ಪೋರ್ಟ್ ತೆರೆಯುತ್ತೆ, ಹೊರಗಿನವರಿಗೆ ಕಾಣಲ್ಲ.

ಇನ್ನು ಬ್ಯಾಕಪ್, ಇದನ್ನ ಸ್ವಲ್ಪ ಗಮನ ಇಟ್ಟು ಓದಿ. ಎಲ್ಲರ ಲ್ಯಾಪ್‌ಟಾಪಲ್ಲೂ ಕ್ಲೋನ್, ಅಂದ್ರೆ ರೆಪೊದ ಪ್ರತಿ, ಇದೆಯಲ್ಲ ಅಂತ ಸುಮ್ನಾಗ್ಬೇಡಿ, ಕ್ಲೋನಲ್ಲಿ ಇರೋದು ಕೋಡ್ ಮಾತ್ರ, ಇಶ್ಯೂಗಳು ಅಂದ್ರೆ ಬಗ್, ಕೆಲಸಗಳ ಟಿಪ್ಪಣಿ, ರಿವ್ಯೂ ಕಾಮೆಂಟ್‌ಗಳು ಎಲ್ಲ ಡೇಟಾಬೇಸಲ್ಲಿ ಇರುತ್ತೆ. ಫೋರ್ಜೆಯೋದಲ್ಲಿ ಎಲ್ಲವನ್ನೂ ಒಂದು ಫೈಲಿಗೆ ತೆಗೆಯೋ ಡಂಪ್ ಅನ್ನೋ ಕಮಾಂಡ್ ಒಂದಿದೆ, ಆದ್ರೆ ಅದನ್ನ ವಾಪಸ್ ತುಂಬೋಕೆ ಕಮಾಂಡ್ ಇಲ್ಲ, ಕೈಯಲ್ಲೇ ಒಂದೊಂದು ಫೋಲ್ಡರ್ ಜಾಗಕ್ಕೆ ಹಾಕ್ಬೇಕು. ಎಸ್‌ಕ್ಯೂಲೈಟ್ ಆದ್ರೆ ಇನ್ನೂ ಸುಲಭ, ರಾತ್ರಿ ಸರ್ವೀಸ್ ನಿಲ್ಸಿ ಡೇಟಾ ಫೋಲ್ಡರ್ ಪೂರ್ತಿ ಬೇರೆ ಡಿಸ್ಕಿಗೆ ಕಾಪಿ ಮಾಡಿ ಮತ್ತೆ ಶುರು ಮಾಡಿ. ಆ್ಯಪ್ ಡಾಟ್ ಐಎನ್‌ಐ ಬಿಡ್ಬೇಡಿ, ಸೀಕ್ರೆಟ್ ಕೀ ಅದರಲ್ಲೇ ಇರೋದು, ಅದು ಕಳೆದ್ರೆ ಟೂ ಫ್ಯಾಕ್ಟರ್ ಲಾಗಿನ್ ಕೆಲಸ ಮಾಡಲ್ಲ.

ಟೀಮ್‌ನವರನ್ನ ಸೇರ್ಸೋ ಮುಂಚೆ ಆ ಕಾಪೀನ ಇನ್ನೊಂದು ಮಷೀನಿಗೆ ಹಾಕಿ, ಲಾಗಿನ್ ಆಗಿ, ಒಂದು ಇಶ್ಯೂ ತೆರೆದು ನೋಡಿ. ತೆರೆದ್ರೆ ಮಾತ್ರ ನಿಜವಾದ ಪ್ರಾಜೆಕ್ಟ್ ಪುಶ್ ಮಾಡಿ.