ಜನತಾ ವಾಚಿನ ಐದು ಸೆಕೆಂಡು

ಎಚ್‌ಎಂಟಿ ಜನತಾ ವಾಚಿನ ತಪ್ಪನ್ನು ದಿನಕ್ಕೆ ಐದು ಸೆಕೆಂಡಿನೊಳಗೆ ತರುತ್ತೇನೆ ಎಂದಾಗ, ಮಂಗಳೂರಿನ ಹಂಪನಕಟ್ಟೆಯಲ್ಲಿ ನಲವತ್ತು ವರ್ಷ ರಿಪೇರಿ ಮಾಡಿದ ಹಿರಿಯರೊಬ್ಬರು, "ಒಂದು ನಿಮಿಷದೊಳಗೆ ಬಂದರೆ ಅದೇ ದೊಡ್ಡದು ಮಾರಾಯ್ರೆ, ಸುಮ್ಮನೆ ಹಣ ಹಾಳು ಮಾಡಬೇಡಿ" ಎಂದಿದ್ದರು. ಈಗ ಸುಮಾರು ಆರು ವಾರಗಳಿಂದ ಅದೇ ವಾಚು ನನ್ನ ಕೈಯಲ್ಲಿ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸೆಕೆಂಡು ಮುಂದೆ ಓಡುತ್ತಿದೆ. ಅತಿ ನಿಖರ ವಾಚುಗಳಿಗೆ ಪ್ರಮಾಣಪತ್ರ ಕೊಡುವ ಸ್ವಿಸ್ ಕ್ರೋನೋಮೀಟರ್ ಪರೀಕ್ಷೆ ಒಪ್ಪುವ ದಿನದ ಸರಾಸರಿಯೂ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬುದೇ ಆಗಿದೆ. ಗಂಟೆಗೆ 18,000 ಬಡಿತದ ಈ ಯಂತ್ರ ದಿನಕ್ಕೆ 4,32,000 ಸಲ ಬಡಿಯುತ್ತದೆ. ಅದರಲ್ಲಿ ಇಪ್ಪತ್ತೈದು ಬಡಿತ ಹೆಚ್ಚಾದರೂ ಐದು ಸೆಕೆಂಡು ತಪ್ಪಿತು.

ಮೊದಲ ವರ್ಷವನ್ನು ವೇಗ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಕಡ್ಡಿಯನ್ನು ತಿರುಗಿಸುವುದರಲ್ಲೇ ಕಳೆದೆ. ಒಮ್ಮೆ ಬಡಿತವನ್ನು ನಿಯಂತ್ರಿಸುವ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿ ಸುತ್ತುಗಳು ಅಂಟಿಕೊಂಡು, ವಾಚು ದಿನಕ್ಕೆ ಎಂಟು ನಿಮಿಷ ಮುಂದೆ ಓಡಿತು. ಇನ್ನೊಮ್ಮೆ ಸ್ಪೀಕರಿನ ಪಕ್ಕದಲ್ಲಿಟ್ಟು ಕಾಂತತ್ವ ಹಿಡಿಸಿಕೊಂಡೆ. ಎರಡು ಹೇರ್‌ಸ್ಪ್ರಿಂಗ್ ಹಾಳಾದವು; ಬಿಡಿಭಾಗಕ್ಕೆಂದೇ ತಂದ ಹಳೆಯ ವಾಚುಗಳು, ಎಣ್ಣೆ, ಬಡಿತ ಅಳೆಯುವ ಟೈಮ್‌ಗ್ರಾಫರ್ ಯಂತ್ರ ಎಲ್ಲ ಸೇರಿ ಸುಮಾರು ಇಪ್ಪತ್ತೆರಡು ಸಾವಿರ ರೂಪಾಯಿ ಖರ್ಚಾಯಿತು. ಕರಾವಳಿಯ ಉಪ್ಪುಗಾಳಿ ಮತ್ತು ಬೆವರಿಗೆ ಕೀಯ ಕಡ್ಡಿಯೂ ತುಕ್ಕು ಹಿಡಿದಿತ್ತು.

ದಾರಿ ತೆರೆದದ್ದು ಹಿಂದೆ ಮುಂದೆ ತಿರುಗುತ್ತ ಬಡಿಯುವ ಬ್ಯಾಲೆನ್ಸ್ ವೀಲಿನ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡಿದಾಗ. ಆಂಪ್ಲಿಟ್ಯೂಡ್, ಅಂದರೆ ಆ ಚಕ್ರ ಒಂದು ಬದಿಗೆ ತಿರುಗುವ ಕೋನ, 220 ಡಿಗ್ರಿಯ ಆಸುಪಾಸಿನಲ್ಲಿ ತೂಕದ ದೋಷ ಮರೆಯಾಗುವುದರಿಂದ, ಕೀಯನ್ನು ಸ್ವಲ್ಪವೇ ಕೊಟ್ಟು 160ಕ್ಕೆ ಇಳಿಸಿ, ವಾಚನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೂ ಬದಿಗೆ ತಿರುಗಿಸಿ ಅಳೆದೆ. ಯಾವ ಬದಿಯಲ್ಲಿ ಅತಿ ಹೆಚ್ಚು ಮುಂದೆ ಓಡಿತೋ, ಬ್ಯಾಲೆನ್ಸ್ ನಿಶ್ಚಲವಾಗಿದ್ದಾಗ ಆ ಬದಿಯಲ್ಲಿ ಕೆಳಗೆ ಬರುವ ಅಂಚೇ ಭಾರದ್ದು. ಅಲ್ಲಿಂದ ಕಣ್ಣಿಗೆ ಕಾಣದಷ್ಟು ಲೋಹ ತೆಗೆದು, ಮತ್ತೆ ಅಳೆದು, ಮತ್ತೆ ತೆಗೆದೆ. ಹನ್ನೊಂದು ಸಲ ಬಿಚ್ಚಿ ಜೋಡಿಸಿದ ಮೇಲೆ ನಲವತ್ತು ಸೆಕೆಂಡಿನಷ್ಟಿದ್ದ ಬದಿಗಳ ವ್ಯತ್ಯಾಸ ಹನ್ನೆರಡಕ್ಕೆ ಇಳಿಯಿತು. ಲೋಹವನ್ನು ಯಾವುದರಿಂದ ತೆಗೆದೆ, ಹೇರ್‌ಸ್ಪ್ರಿಂಗನ್ನು ನಡುವೆ ಹಿಡಿಯುವ ಕರ್ಬ್ ಪಿನ್ನುಗಳ ನಡುವಿನ ಸಂದನ್ನು ಎಷ್ಟಕ್ಕೆ ತಂದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದದ್ದನ್ನು ರಾತ್ರಿ ಸರಿದೂಗಿಸುತ್ತೇನೆ. ಡಯಲ್ ಮೇಲೆ ಮಾಡಿ ಮಲಗಿಸಿದರೆ ನನ್ನ ವಾಚು ಮುಂದೆ ಓಡುತ್ತದೆ, ಕೀ ಮೇಲೆ ಮಾಡಿ ನಿಲ್ಲಿಸಿದರೆ ಹಿಂದೆ ಬೀಳುತ್ತದೆ. ಬೆಳಿಗ್ಗೆ ಆರಕ್ಕೆ ಫೋನಿನ ಸಮಯದೊಂದಿಗೆ ಹೋಲಿಸಿ ಬರೆದಿಡುತ್ತೇನೆ, ಆ ರಾತ್ರಿ ಹೇಗಿಡಬೇಕೆಂದು ಅದೇ ಹೇಳುತ್ತದೆ. ಫ್ರಿಜ್ಜಿನಲ್ಲಿಟ್ಟೂ ನೋಡಿದ್ದೇನೆ, ಆಂಪ್ಲಿಟ್ಯೂಡ್ ಬಿದ್ದುಹೋಗಿ, ಗಾಜಿನೊಳಗೆ ಹನಿ ಕಟ್ಟಿದ್ದಷ್ಟೇ ಲಾಭ, ಯಾರೂ ಮಾಡಬೇಡಿ.

ಆ ಹಿರಿಯರ ಎಚ್‌ಎಂಟಿ ಪೈಲಟ್ ಈಗ ನನ್ನ ಮೇಜಿನ ಮೇಲಿದೆ. ಬೀಟ್ ಎರರ್, ಅಂದರೆ ಎಡಬಲ ಬಡಿತಗಳ ನಡುವಿನ ಕಾಲವ್ಯತ್ಯಾಸ, ಎರಡು ಮಿಲಿಸೆಕೆಂಡಿಗೂ ಹೆಚ್ಚಿದೆ. ಮೊದಲು ಹೇರ್‌ಸ್ಪ್ರಿಂಗಿನ ಒಳತುದಿಯನ್ನು ಹಿಡಿದ ಕಾಲೆಟ್ ಎಂಬ ಪುಟ್ಟ ಉಂಗುರ ತಿರುಗಿಸಿ ಅದನ್ನು ಸರಿಪಡಿಸಬೇಕು.