ಎಡಿಸನ್‌ಗೆ ಬಂದ ಹೊಸಬರಿಗೆ: ಹೊಲಿಗೆ, ಹಬ್ಬದೂಟ, ಹೋಟೆಲಿನ ಊಟ

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಹೊಸದಾಗಿ ಮನೆ ಮಾಡಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಚಾಲನಾ ಪರವಾನಗಿ, ಬಾಡಿಗೆ ಕರಾರು ಇವೆಲ್ಲ ಸರತಿಯಲ್ಲಿ ನಿಂತರೆ ಆಗಿಹೋಗುತ್ತವೆ. ಅವು ಮುಗಿದ ಮೇಲೆ ಬರುವ ಉದ್ದನೆಯ ಶನಿವಾರ, ಭಾನುವಾರಗಳಲ್ಲಿ ಮನೆ ಮನೆಯೆನಿಸುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಊರಿನಲ್ಲಿ ನಮಗೆ ಹೊಲಿಗೆಯೆಂದರೆ ಟೈಲರ್ ಅಂಗಡಿಗೆ ಅಳತೆಯ ರವಿಕೆ ಕೊಟ್ಟು ಬರುವುದು. ಇಲ್ಲಿ ಓಕ್ ಟ್ರೀ ರಸ್ತೆಯಲ್ಲಿ ಹೊಲಿದುಕೊಡುವವರು ಇದ್ದಾರಾದರೂ ಕೂಲಿ ಕೇಳಿದ ದಿನವೇ ನಾನು ಸ್ವತಃ ಹೊಲಿಯಲು ನಿರ್ಧರಿಸಿದೆ. ಅಮ್ಮನ ಹೊಲಿಗೆ ಯಂತ್ರವನ್ನು ಮೋಟರ್ ಸಮೇತ ತರಿಸಿಕೊಂಡದ್ದು ನನ್ನ ಮೊದಲ ತಪ್ಪು. ನಮ್ಮಲ್ಲಿ ವಿದ್ಯುತ್ 230 ವೋಲ್ಟ್, ಇಲ್ಲಿ 120 ವೋಲ್ಟ್. ತೆಳುವಾದ ಬಟ್ಟೆಯ ಮೇಲೆ ಹೇಗೋ ಓಡುತ್ತಿದ್ದ ಸೂಜಿ, ನಾಲ್ಕು ಪದರ ಕೂಡುವ ಜಾಗಕ್ಕೆ ಬಂದಾಗ ಮೋಟರ್ ಗುಂಯ್ ಎನ್ನುತ್ತಿದ್ದಂತೆ ನಿಂತೇ ಬಿಡುತ್ತಿತ್ತು. ತರುವುದಾದರೆ ಕಾಲಿನಿಂದ ತುಳಿಯುವ ಅಥವಾ ಕೈಯಿಂದ ತಿರುಗಿಸುವ ಯಂತ್ರವನ್ನು ತನ್ನಿ, ಇಲ್ಲವೇ ಇಲ್ಲಿಯದನ್ನೇ ಕೊಳ್ಳಿ. ಹತ್ತಿರದ ಎಲಿಜಬೆತ್ ಊರಿನಲ್ಲಿ 1873ರಿಂದ 1982ರವರೆಗೆ ಸಿಂಗರ್ ಕಂಪನಿಯ ದೊಡ್ಡ ಕಾರ್ಖಾನೆ ನಡೆಯುತ್ತಿತ್ತು. ಹಳೆಯ ಸಾಮಾನು ಮಾರುವ ಮನೆಗಳ ಅಂಗಳದಲ್ಲಿ ನನಗೆ ಸಿಕ್ಕ ಕಪ್ಪು ಸಿಂಗರ್ ಯಂತ್ರ ಇಂದಿಗೂ ಎಣ್ಣೆ ಬಿಟ್ಟರೆ ಬೇರೇನನ್ನೂ ಕೇಳಿಲ್ಲ.

ಎರಡನೆಯ ತಪ್ಪನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅತ್ತೆಯವರು ಕೊಟ್ಟ ಗುಳೇದಗುಡ್ಡದ ಖಣಕ್ಕೆ ಹತ್ತಿಯ ಲೈನಿಂಗನ್ನು ನೆನೆಸದೆ ಕತ್ತರಿಸಿ ಹೊಲಿದೆ. ನಮ್ಮ ಟೈಲರ್ ಅದನ್ನು ಹಿಂದಿನ ರಾತ್ರಿಯೇ ಬಕೀಟಿನಲ್ಲಿ ನೆನೆಹಾಕುತ್ತಿದ್ದುದನ್ನು ಎಷ್ಟೋ ಸಲ ನೋಡಿದ್ದರೂ ಏಕೆಂದು ಒಮ್ಮೆಯೂ ಕೇಳಿರಲಿಲ್ಲ. ಮೊದಲ ಒಗೆತದಲ್ಲಿ, ಅದರಲ್ಲೂ ಡ್ರೈಯರಿನ ಬಿಸಿಗೆ, ಒಳಗಿನ ಬಟ್ಟೆ ಕುಗ್ಗಿ, ಮೇಲಿನ ಖಣ ತೋಳಿನ ಬುಡದಲ್ಲೆಲ್ಲ ಸುಕ್ಕುಗಟ್ಟಿತು. ಅಂಥ ಖಣ ಮತ್ತೆ ಸಿಗಲಿಲ್ಲ. ಇಲ್ಲಿ ಲಕೋಟೆಯಲ್ಲಿ ಸಿಗುವ ಕಾಗದದ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಮಾದರಿ, ಬಳಸುವವರು ಲಕೋಟೆಯ ಮೇಲಿನ ಸೈಜನ್ನು ಸಿದ್ಧ ಉಡುಪಿನ ಸೈಜೆಂದು ನಂಬದೆ, ಟೇಪು ಹಿಡಿದು ಎದೆಯಳತೆ ನೋಡಿಕೊಳ್ಳಿ. ಅದರಲ್ಲಿ ಹೊಲಿಗೆಯಂಚಿಗೆ ಸಾಮಾನ್ಯವಾಗಿ ಬಿಡುವುದು 5/8 ಇಂಚು ಮಾತ್ರ. ಮುಂದೆ ಸಡಿಲಿಸಲು ಬರುವಂತೆ ನಮ್ಮವರು ಪಕ್ಕಗಳಲ್ಲಿ ಬಿಡುವ ಹೆಚ್ಚಿನ ಬಟ್ಟೆಯನ್ನು ನೀವೇ ಸೇರಿಸಿಕೊಳ್ಳಬೇಕು. ಹಳಬರು ಹೇಳುವ ಜೋ-ಆ್ಯನ್ ಬಟ್ಟೆ ಮಳಿಗೆಗಳು 2025ರಲ್ಲಿ ಮುಚ್ಚಿದವು. ಮನೆಯವರ ಉಡುಪಿಗೆಂದು ಕೊಳ್ಳುವ ಬಟ್ಟೆ, ದಾರ, ಗುಂಡಿಗಳಿಗೆ ಈ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ.

ಇನ್ನು ಮನೆಗೆ ಜನರನ್ನು ಕರೆಯುವ ವಿಷಯ. ಒಂದೊಂದು ಸಲಕ್ಕೆ ಒಂದೊಂದು ಸೀಮೆಯ ಊಟವೆಂದು ಗೊತ್ತುಮಾಡಿ, ಜೋಳದ ರೊಟ್ಟಿ ಯಾರದು, ಎಣ್ಣೆಗಾಯಿ ಯಾರದು ಎಂದು ಮೊದಲೇ ಹಂಚಿಕೊಂಡರೆ ಅಡುಗೆಯೂ ಹಗುರ, ಮಾತಿಗೂ ವಿಷಯ ಸಿಗುತ್ತದೆ. ಆದರೆ ನೆರೆಯವರನ್ನು ಕರೆಯುವಾಗ ನನ್ನಂತೆ ಮಾಡಬೇಡಿ. ನಮ್ಮ ಮೊದಲ ಸಂಕ್ರಾಂತಿಯ ಊಟಕ್ಕೆ ಬಂದ ಪಕ್ಕದ ಮನೆಯ ಹುಡುಗನಿಗೆ ಎಳ್ಳು ಬೀರಲು ಹೋದಾಗ ಅವನ ತಾಯಿ ಬೇಡವೆಂದರು. ಬೇಡವೆನ್ನುವುದು ಸಂಕೋಚದ ಮಾತು, ಮೂರು ಸಲ ಒತ್ತಾಯಿಸುವುದೇ ಉಪಚಾರ ಎಂದು ಬೆಳೆದ ನಾನು ಹುಡುಗನ ಅಂಗೈಗೇ ಎಳ್ಳುಬೆಲ್ಲ ಸುರಿದೆ. ಆಕೆ ಮಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ತೊಳೆದ ರೀತಿಯನ್ನು ನಾನು ಮರೆತಿಲ್ಲ. ಅವನಿಗೆ ಕಡಲೆಕಾಯಿಯ ಅಲರ್ಜಿಯಿತ್ತು. ಅಮೆರಿಕದಲ್ಲಿ ಪೊಟ್ಟಣದ ಆಹಾರದ ಮೇಲೆ ನಮೂದಿಸಲೇಬೇಕಾದ ಪ್ರಮುಖ ಅಲರ್ಜಿಕಾರಕಗಳು ಒಂಬತ್ತು. ಕಡಲೆಕಾಯಿ ಮೊದಲಿನಿಂದಲೂ ಆ ಪಟ್ಟಿಯಲ್ಲಿದೆ, ಎಳ್ಳು 2023ರ ಜನವರಿ 1ರಿಂದ ಸೇರಿದೆ. ನಮಗೆ ಒಳ್ಳೆಯ ಮಾತಿನ ಗುರುತಾದ ಬಟ್ಟಲಿನಲ್ಲಿ ಅವೆರಡೂ ಇವೆ. ಕರೆಯುವಾಗಲೇ ಏನು ಆಗದು ಎಂದು ಕೇಳಿ. ಒಮ್ಮೆ ಬೇಡವೆಂದರೆ ಅಲ್ಲಿಗೆ ಬಿಡಿ. ಮರುವರ್ಷ ಆ ಹುಡುಗನಿಗೆ ಸಕ್ಕರೆ ಅಚ್ಚುಗಳನ್ನಷ್ಟೇ ಬೇರೆ ತಟ್ಟೆಯಲ್ಲಿಟ್ಟು, ತಾಯಿಯನ್ನು ಕೇಳಿ ಕೊಟ್ಟೆ.

ಹೋಟೆಲಿಗೆ ಹೋದಾಗ ಬಿಲ್ಲಿನ ಮೇಲೆ 6.625 ಶೇಕಡಾ ತೆರಿಗೆಯ ಜೊತೆಗೆ 15ರಿಂದ 20 ಶೇಕಡಾ ಟಿಪ್ಸ್ ಲೆಕ್ಕ ಹಾಕಿಕೊಂಡೇ ಒಳಗೆ ಕಾಲಿಡಿ. ಬಡಿಸುವವರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿಯನ್ನು ಕಾನೂನು ಕಡಿಮೆ ಇಟ್ಟಿರುವುದು ಈ ಹಣವನ್ನು ನೆಚ್ಚಿಯೇ. ಇದನ್ನು ತಿಳಿಯದೆ ಮೊದಲ ತಿಂಗಳು ಚಿಲ್ಲರೆ ಬಿಟ್ಟು ಎದ್ದು ಬಂದುದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ. ಸಸ್ಯಾಹಾರಿಗಳು ತರಕಾರಿ ಸೂಪೆಂಬ ಹೆಸರನ್ನು ನಂಬದೆ, ಯಾವ ಸಾರಿನಲ್ಲಿ ಬೇಯಿಸಿದ್ದೆಂದು ಕೇಳಬೇಕು. ಕೋಳಿಯ ಸಾರು ಇರುವುದುಂಟು.

ಮಕ್ಕಳು ಇದನ್ನೆಲ್ಲ ನಮಗಿಂತ ಬೇಗ ಕಲಿಯುತ್ತಾರೆ. ಆ ವೇಗದಲ್ಲಿ ನಮ್ಮ ಭಾಷೆ ಅವರ ಬಾಯಿಂದ ಜಾರುವುದನ್ನು ಕಂಡು ನನಗೆ ಹಲವು ರಾತ್ರಿ ನಿದ್ದೆ ಬಂದಿಲ್ಲ. ಆದರೂ ಯಂತ್ರದ ಮುಂದೆ ಕುಳಿತಾಗ ಮಗಳು ಪಕ್ಕದಲ್ಲಿ ನಿಂತು ಬಾಬಿನ್‌ಗೆ ದಾರ ಸುತ್ತುತ್ತಾಳೆ. ಕಳೆದ ಯುಗಾದಿಗೆ ಅವಳ ಲಂಗದ ಕೆಳಭಾಗದಲ್ಲಿ ನನ್ನ ಅಮ್ಮ ಮಾಡುತ್ತಿದ್ದಂತೆ ಮೂರು ಮಡಿಕೆ ಹಿಡಿದು ಹೊಲಿದೆ. ಇಷ್ಟು ಬಟ್ಟೆಯನ್ನು ಒಳಗೇಕೆ ಬಚ್ಚಿಟ್ಟೆ ಎಂದು ಕೇಳಿದಳು. ನೀನು ಉದ್ದವಾದಂತೆ ಬಿಚ್ಚುವುದಕ್ಕೆ ಎಂದೆ. ಈ ವರ್ಷ ಮೊದಲ ಮಡಿಕೆಯ ದಾರವನ್ನು ಅವಳೇ ಸಣ್ಣ ಕತ್ತರಿಯಿಂದ ಬಿಚ್ಚಿದಳು. ಬೆಳಕು ಕಾಣದ ಆ ಪಟ್ಟಿಯ ಬಣ್ಣ ಉಳಿದ ಲಂಗಕ್ಕಿಂತ ಗಾಢವಾಗಿತ್ತು.